ಭಂಡಾರ ನುಂಗಿದ ಟರ್ಬೊ

ಇವತ್ತು ಬೆಳಿಗ್ಗೆ ಇಚಲಕರಂಜಿಯ ಒಬ್ಬ ಹಲ್ಲಿನ ಡಾಕ್ಟರಿಗೆ ತೋರಿಸಲೆಂದು ಒಂದು ಹಳೆಯ ಕೆಂಪು ಕಾರಿನ ಬಾನೆಟ್ ಎತ್ತಿದೆ. ಬ್ಯಾಟರಿ ಕೂರುವ ತಟ್ಟೆಯ ಮೂಲೆಯಲ್ಲಿ, ಸ್ಕ್ರೂಡ್ರೈವರಿನ ತುದಿಯೂ ಹೋಗದಷ್ಟು ಸಣ್ಣ ಸಂದಿನಲ್ಲಿ, ಹಳದಿ ಪುಡಿಯ ಒಂದು ಗೆರೆ ಕಂಡಿತು. ಎಂಜಿನ್ ಆಗಷ್ಟೇ ಓಡಿ ನಿಂತಿತ್ತು. ಬಿಸಿ ಎಣ್ಣೆ, ಬಿಸಿ ರಬ್ಬರು, ಅವೆರಡರ ಹಿಂದಿನಿಂದ ಮೆಲ್ಲಗೆ ಅರಿಸಿನದ ವಾಸನೆ. ಡಾಕ್ಟರು ರೋಗಿಯ ಬಾಯಿ ನೋಡುವ ಹಾಗೆಯೇ ಬಗ್ಗಿ ನೋಡಿ, "ಹೇ ಕಾಯ್ ಆಹೆ? ಏನಿದು, ಕಿಟ್ಟ ಗಟ್ಟಿ ಕುಂತೈತಲ್ರಿ" ಎಂದರು. ಕಿಟ್ಟವಲ್ಲ ಡಾಕ್ಟ್ರೇ, ಅದು ಭಂಡಾರ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಭಂಡಾರವೆಂದರೆ ದೇವರಿಗೆ ತೂರುವ ಅರಿಸಿನದ ಪುಡಿ ಎಂಬುದು ಅವರಿಗೂ ಗೊತ್ತು. ಅದು ಕಾರಿನ ಹೊಟ್ಟೆಯೊಳಗೆ ಏನು ಮಾಡುತ್ತಿದೆ ಎಂಬುದೇ ಅವರ ಪ್ರಶ್ನೆ. ಚಹಾ ಹೇಳಿದೆ. ನೀವೂ ಕುಳಿತುಕೊಳ್ಳಿ. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಯೋಚನೆ ನಿಮಗಿಲ್ಲದಿದ್ದರೂ ಕೇಳಿಸಿಕೊಂಡರೆ ನಷ್ಟವೇನಿಲ್ಲ. ಯೋಚನೆ ಇದ್ದರಂತೂ ಲಾಭವೇ.

ನನ್ನ ಅಂಗಳ ನಿಪ್ಪಾಣಿಯ ಹೊರಗೆ, ಹೆದ್ದಾರಿಯ ಮಗ್ಗುಲಲ್ಲಿದೆ. ನಾನು ತಂಬಾಕಿನ ವಖಾರಿಯಲ್ಲಿ ಚೀಲ ಹೊಲಿಯುತ್ತಿದ್ದವನ ಮಗ. ಕಾರ್ಬುರೇಟರ್ ಇಲ್ಲದ ಒಂದು ಸ್ಕೂಟರ್ ಕೊಂಡು, ಸ್ಕೂಟರ್ ಇಲ್ಲದ ಒಂದು ಕಾರ್ಬುರೇಟರ್ ಹುಡುಕಿ, ಎರಡನ್ನೂ ಕೂಡಿಸಿ ಮಾರಿದ್ದು ನನ್ನ ಮೊದಲ ವ್ಯಾಪಾರ. ಆಮೇಲೆ ಜೀಪು, ಆಮೇಲೆ ಟ್ರ್ಯಾಕ್ಟರು, ಆಮೇಲೆ ಕಾರು. ಯಾವ ಗಾಡಿಯ ಯಾವ ಭಾಗ ಎಷ್ಟು ದಿನಕ್ಕೆ ಕೈಕೊಡುತ್ತದೆ ಎಂಬುದನ್ನು ಸದ್ದಿನ ಮೇಲೆ ಹೇಳಬಲ್ಲೆ. ಯಾವ ಗಿರಾಕಿ ಎಷ್ಟಕ್ಕೆ ಬಗ್ಗುತ್ತಾನೆ ಎಂಬುದನ್ನು ಅವನು ಚಪ್ಪಲಿ ಬಿಡುವ ರೀತಿಯ ಮೇಲೆ ಹೇಳಬಲ್ಲೆ. ಇಷ್ಟು ಹೇಳಿಕೊಂಡ ಮೇಲೆ ಮುಂದೆ ನನ್ನ ಪೇಚನ್ನೂ ಹೇಳಬೇಕಾಗುತ್ತದೆ. ಹೇಳುತ್ತೇನೆ, ಅವಸರ ಮಾಡಬೇಡಿ.

ಕೊಲ್ಲಾಪುರದ ಹತ್ತಿರ ಕಾರು ಓಡಿಸುವ ಟ್ರ್ಯಾಕ್ ಇರುವುದರಿಂದ ನಮ್ಮ ಕಡೆಯ ಹಲವರಿಗೆ ಈ ಹುಚ್ಚು ಹತ್ತಿದೆ. ಚಿಕ್ಕೋಡಿಯ ವಕೀಲರಿಗೆ ಹತ್ತಿದೆ, ಅಥಣಿಯ ಬೆಲ್ಲದ ವ್ಯಾಪಾರಿಗೆ ಹತ್ತಿದೆ. ಹೊಸ ಸ್ಪೋರ್ಟ್ಸ್ ಕಾರಿಗೆ ಕೈ ಹಾಕಲಾರದವರು ಹದಿನೈದು, ಇಪ್ಪತ್ತು ವರ್ಷ ಹಳೆಯದನ್ನು ಹುಡುಕಿಕೊಂಡು ನನ್ನಲ್ಲಿಗೆ ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: ಟರ್ಬೊ ಇದ್ದದ್ದೋ, ಇಲ್ಲದ್ದೋ?

ಟರ್ಬೊ ಎಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಕಮ್ಮಾರನ ತಿದಿ ನೋಡಿದ್ದೀರಲ್ಲ? ಗಾಳಿ ಊದಿದಷ್ಟೂ ಕೆಂಡ ಕೆರಳುತ್ತದೆ. ಟರ್ಬೊ ಎಂಬುದು ಎಂಜಿನ್ನಿಗೆ ಕಟ್ಟಿದ ತಿದಿ. ಎಂಜಿನ್ ಉಗುಳಿದ ಹೊಗೆಯ ಬಲದಿಂದಲೇ ಅದು ತಿರುಗುತ್ತದೆ, ತಿರುಗಿ ಎಂಜಿನ್ನಿನ ಬಾಯಿಗೆ ಹೆಚ್ಚು ಗಾಳಿ ತುರುಕುತ್ತದೆ. ಹಳೆಯ ಗಾಡಿಗಳಲ್ಲಿ ಒಂದು ತೊಂದರೆ. ನೀವು ಪೆಡಲು ಒತ್ತಿದ ಕೂಡಲೇ ಅದು ಏಳುವುದಿಲ್ಲ. ಒಂದು ಕ್ಷಣ ಯೋಚಿಸುತ್ತದೆ, ಆಮೇಲೆ ಹಿಂದಿನಿಂದ ಯಾರೋ ಒದ್ದ ಹಾಗೆ ನೂಕುತ್ತದೆ. ನೆಟ್ಟಗಿನ ರಸ್ತೆಯಲ್ಲಿ ಆ ಒದೆತ ಬಲು ಸುಖ. ತಿರುವಿನ ನಡುವೆ ಬಿದ್ದರೆ ನೀವು ಹುಲ್ಲಿನಲ್ಲಿರುತ್ತೀರಿ. ಟರ್ಬೊ ಇಲ್ಲದ್ದು ಬಡಪಾಯಿ. ಒತ್ತಿದಷ್ಟೇ ಬರುತ್ತದೆ, ಬಿಟ್ಟರೆ ಹೋಗುತ್ತದೆ.

ಇದೆಲ್ಲ ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದನ್ನೇ ಈಗ ಹೇಳಹೊರಟದ್ದು.

ಕೆಲವು ವರ್ಷಗಳ ಹಿಂದಿನ ಮಾತು. ಶಿರಗುಪ್ಪಿಯ ಅಪ್ಪಾಸಾಹೇಬರು ತಮ್ಮ ಸೊಸೆ ಸುನಂದಾಳನ್ನು ಕರೆದುಕೊಂಡು ನನ್ನ ಅಂಗಳಕ್ಕೆ ಬಂದರು. ಅಪ್ಪಾಸಾಹೇಬರಿಗೆ ಆಗ ಎಪ್ಪತ್ತರ ಹತ್ತಿರ. ಕಬ್ಬಿನ ಹೊಲ, ಒಂದಿಷ್ಟು ದ್ರಾಕ್ಷಿ, ಮತ್ತು ಎತ್ತಿನ ಗಾಡಿ ಶರ್ಯತ್ತಿನಲ್ಲಿ ದೊಡ್ಡ ಹೆಸರು. ಅವರು ಮುಟ್ಟಿ ನೋಡಿ ಕೊಂಡ ಎತ್ತು ಓಡದೆ ಉಳಿದದ್ದಿಲ್ಲ ಎಂದು ರಾಯಬಾಗದ ತನಕ ಮಾತಿತ್ತು. ಸುನಂದಾ ನಲವತ್ತರ ಒಳಗಿನ ಹೆಣ್ಣುಮಗಳು. ಗಂಡ ಶಾಲೆಯ ಮಾಸ್ತರ. ಎಸ್‌ಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಗದಿದ್ದರೆ ವಾಂತಿ ಮಾಡಿಕೊಳ್ಳುವ ಸಾಧು ಮನುಷ್ಯ. ಹಾಗಾಗಿ ಮನೆಯ ಟ್ರ್ಯಾಕ್ಟರೆಲ್ಲ ಈಕೆಯದೇ ಕೈಯಲ್ಲಿ. ಹಿಂದೆ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೋಗಿ ಬರುವುದು ಅವಳಿಗೆ ಸಂತೆಗೆ ಹೋಗಿ ಬಂದ ಹಾಗೆ.

ನಮ್ಮ ಕಡೆ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ಇಡುತ್ತಾರೆ. ಟ್ರೇಲರ್ ಸಮೇತ ಹಿಮ್ಮುಖವಾಗಿ ಸುಣ್ಣದ ಗೆರೆಗಳ ನಡುವೆ ಹೋಗಬೇಕು. ನೋಡಿದವರಿಗೆ ಗೊತ್ತು, ಮುಂದೆ ಓಡಿಸುವುದಕ್ಕಿಂತ ಅದು ಹತ್ತು ಪಟ್ಟು ಕಷ್ಟ. ಅದರ ಹಿಂದಿನ ವರ್ಷ ಸುನಂದಾ ಗಂಡಸರ ನಡುವೆ ನಿಂತು ಅದನ್ನು ಗೆದ್ದಿದ್ದಳು. ಬಹುಮಾನವಾಗಿ ಢಾಲು ಕೊಟ್ಟರು, ಜೊತೆಗೆ ಯಾಕೋ ಒಂದು ಕುಕ್ಕರೂ ಕೊಟ್ಟರು. ಅಲ್ಲಿ ನೋಡಲು ಬಂದಿದ್ದ ಕೊಲ್ಲಾಪುರದವರೊಬ್ಬರು, "ತಾಯಿ, ಈ ಕೈ ಟ್ರ್ಯಾಕಿನಾಗ ಇರಬೇಕು" ಎಂದು ಹೇಳಿಹೋದರಂತೆ. ಅದು ಅವಳ ತಲೆಯೊಳಗೆ ಕುಳಿತುಬಿಟ್ಟಿತು. ಒಂದು ವರ್ಷ ಮಾವನ ಹಿಂದೆ ಬಿದ್ದಳು. ಕೊನೆಗೆ ಅಪ್ಪಾಸಾಹೇಬರು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಅದನ್ನು ನನ್ನ ಮುಂದೆಯೇ ಮತ್ತೊಮ್ಮೆ ಹೇಳಿದರು:

"ಟ್ರ್ಯಾಕಿನಾಗ ಒಂದ ದಿನ. ಮಂದಿ ನಗದಂಗ ಓಡಿಸಿ ಬಂದ್ಲು ಅಂದ್ರ ಮುಂದಿಂದು ಮುಂದ ನೋಡೂಣು. ಗಾಡಿ ಕೆಟ್ಟು ನಿಂತು, ಯಾರರ ಎಳಕೊಂಡು ಬರೂ ಹಂಗ ಆತಂದ್ರ, ಮುಗೀತು. ಮತ್ತ ಆ ಮಾತು ಮನ್ಯಾಗ ಎತ್ತಂಗಿಲ್ಲ."

ಸುನಂದಾ ಸೆರಗು ಸರಿಮಾಡಿಕೊಂಡು, "ಹೂಂರಿ ಮಾವಾರ" ಎಂದಳು. ಅಷ್ಟೇ.

ಆಗ ನನ್ನಲ್ಲಿ ಎರಡು ಗಾಡಿ ಇದ್ದವು. ಕಂಪನಿಗಳ ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆಯಿಂದ ಅವುಗಳ ಬೆಲೆ ಏರುತ್ತದೆ. ಒಂದು ಈ ಕೆಂಪು ಟರ್ಬೊ. ಇನ್ನೊಂದು ಬೂದು ಬಣ್ಣದ, ಎರಡು ಬಾಗಿಲಿನ, ಟರ್ಬೊ ಇಲ್ಲದ ಕಾರು. ಬೂದು ಗಾಡಿ ಗೋವಾದ ಒಬ್ಬ ಹಡಗಿನ ಕಪ್ತಾನರದು. ಅವರು ಪ್ರತಿ ಸಲ ಎಣ್ಣೆ ಬದಲಿಸಿದ್ದನ್ನೂ ವಹಿಯಲ್ಲಿ ಬರೆದಿಟ್ಟಿದ್ದರು. ಅಂಥ ಗಾಡಿಗೆ ಗಿರಾಕಿ ತಾನಾಗಿ ಬರುತ್ತಾನೆ. ಕೆಂಪಿನದು ಹಾಗಲ್ಲ. ಅದು ವರ್ಷದ ಮೇಲಿನಿಂದ ನನ್ನ ಅಂಗಳದಲ್ಲಿ ಬಿಸಿಲು ಕುಡಿಯುತ್ತ ನಿಂತಿತ್ತು. ಬಂದವರೆಲ್ಲ ಸುತ್ತು ಹಾಕಿ, ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು. ಮಾರುವವನಿಗೆ ನಿಂತ ಗಾಡಿ ಎಂದರೆ ಹಲ್ಲಿನ ನೋವಿದ್ದ ಹಾಗೆ. (ಈ ಮಾತಿಗೆ ಡಾಕ್ಟರು ತಲೆದೂಗಿದರು.)

ಹಾಗಾಗಿ ನಾನೊಂದು ಕೈಚಳಕ ಮಾಡಿದ್ದೆ. ಕಾರಿನೊಳಗೆ ಗಾಳಿ ಹೋಗುವ ದಾರಿಯಲ್ಲಿ ಕಂಪನಿಯವರು ಒಂದು ಮುಚ್ಚಿದ ಡಬ್ಬಿ ಇಟ್ಟಿರುತ್ತಾರೆ. ಗಾಳಿ ಸೋಸುವ ಫಿಲ್ಟರ್ ಅದರೊಳಗೆ ಇರುತ್ತದೆ. ಆ ಡಬ್ಬಿ ಕಿತ್ತು, ಅದರ ಜಾಗದಲ್ಲಿ ಬಜಾರಿನ ಒಂದು ಬತ್ತಲೆ ಫಿಲ್ಟರ್ ಸಿಕ್ಕಿಸಿದೆ. ಲಾಭವೇನು? ಪೆಡಲು ಒತ್ತಿದರೆ "ಸ್‌ಸ್‌ಸ್‌" ಎಂದು ನಾಗರಹಾವು ಬುಸುಗುಟ್ಟಿದ ಸದ್ದು, ಬಿಟ್ಟರೆ "ಪ್ಶ್" ಎಂದು ಉಸಿರು ಬಿಟ್ಟ ಸದ್ದು. ಗಾಡಿಯ ಓಟ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಆದರೆ ಗಿರಾಕಿಯ ಎದೆ ಹೊಡೆದುಕೊಳ್ಳುತ್ತದೆ. ನನ್ನ ಮಿಸ್ತ್ರಿ ದಸ್ತಗೀರ ಅದನ್ನು ಕೂಡಿಸುವಾಗಲೇ ಮುಖ ಕಿವುಚಿದ್ದ. "ಭಾಯ್, ಇದು ಮುಚ್ಚಳ ಇಲ್ಲದ ಕೊಡ ಆತು ನೋಡ್ರಿ. ಏನು ಬಿದ್ರೂ ಒಳಗ." ನಾನು ಕೇಳಲಿಲ್ಲ.

ಅಪ್ಪಾಸಾಹೇಬರು ಕೆಂಪಿನ ಸದ್ದು ಕೇಳಿದರು. ಕಣ್ಣರಳಿತು. ಬಾನೆಟ್ಟಿನ ಮೇಲೆ ಅಂಗೈಯಿಟ್ಟು, ಎತ್ತಿನ ಭುಜ ಸವರುವ ಹಾಗೆ ಸವರಿದರು.

"ಇದ ನೋಡ್ಲೇ ಜಾತಿ! ನಿಂತಲ್ಲೇ ಬುಸುಗುಡತೈತಿ. ಶರ್ಯತ್ತಿನಾಗ ಮೊದಲನೇ ನೂರು ಹೆಜ್ಜಿ ಯಾವುದು ಜಿಗೀತೈತಿ, ಗೆಲುವು ಅದರದ."

ಸುನಂದಾ ಬೂದು ಗಾಡಿಯ ಹತ್ತಿರ ನಿಂತಿದ್ದಳು. ಒಳಗೆ ಕುಳಿತು ಚಾಲೂ ಮಾಡಿ ಪೆಡಲನ್ನು ಎರಡು ಸಲ ಒತ್ತಿ ಬಿಟ್ಟಳು. ಇಳಿದು ಬಂದು ಮೆಲ್ಲಗೆ, "ಮಾವಾರ, ನಂಗ ಇದು ಸೇರತೈತ್ರಿ. ನಾ ಎಷ್ಟು ಒತ್ತತೀನಿ ಅಷ್ಟ ಬರತೈತಿ. ಆ ಕೆಂಪಿಂದು ಕೇಳಿದ್ದಕ್ಕಿಂತ ಹೆಚ್ಚ ಕೊಡತೈತ್ರಿ" ಎಂದಳು.

"ಹೆಚ್ಚ ಕೊಟ್ರ ಬ್ಯಾಡಂತಾರೇನ ಹುಚ್ಚಿ!" ಎಂದು ಮಾವ ನಕ್ಕರು. ನಾನೂ ನಕ್ಕೆ. ಟರ್ಬೊ ಇಲ್ಲದ ಹಳೆಯ ಗಾಡಿ ಯಾಕೆ ಬೇಕೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರವನ್ನು ಆಮೇಲೆ ಯಾರಿಂದಲೂ ಕೇಳಿಲ್ಲ. ಆದರೂ ಅವತ್ತು ನಕ್ಕೆ.

ನಮ್ಮಲ್ಲಿ ದನದ ಬಜಾರಿನಲ್ಲಿ ಬಾಯಿಂದ ಬೆಲೆ ಆಡುವುದಿಲ್ಲ. ಕೊಳ್ಳುವವನು, ಮಾರುವವನು ಕೈಕೈ ಹಿಡಿದು, ಮೇಲೆ ಟವೆಲ್ ಹಾಕಿಕೊಂಡು, ಬೆರಳು ಒತ್ತಿಯೇ ಮಾತು ಮುಗಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಅಪ್ಪಾಸಾಹೇಬರಿಗೆ ಆ ರೀತಿಯಲ್ಲದೆ ಬೇರೆ ವ್ಯಾಪಾರ ಗೊತ್ತಿಲ್ಲ. ಹೆಗಲ ಮೇಲಿನ ಟವೆಲ್ ನಮ್ಮ ಕೈಗಳ ಮೇಲೆ ಬಿತ್ತು. ಅವರು ಎರಡು ಬೆರಳು ಹಿಡಿದರು, ನಾನು ಮೂರು ಹಿಡಿಸಿದೆ, ಅವರು ಚಿವುಟಿದರು, ನಾನು ಜಾರಿದೆ. ಐದು ನಿಮಿಷದಲ್ಲಿ ಕೆಂಪು ಟರ್ಬೊ ಅವರದಾಯಿತು. ಓಡಿಸುವವಳು ಮೂರು ಹೆಜ್ಜೆ ದೂರ ನಿಂತು ನಮ್ಮ ಟವೆಲನ್ನು ನೋಡುತ್ತಿದ್ದಳು.

ಒಂದೇ ಒಂದು ಮಾತು ಬಾಕಿ ಉಳಿಸಿಕೊಂಡಿದ್ದರು ಮುದುಕರು. "ಒಮ್ಮಿ ಓಡಿಸಿ ನೋಡೂಣು, ಆಮೇಲೆ ಪಕ್ಕಾ. ಎತ್ತ ಸುದ್ದಾ ಓಡಿಸದ ತಗೋಳಂಗಿಲ್ಲ ನಾ."

ಓಡಿಸಲು ಜಾಗ ಅವರೇ ಹೇಳಿದರು. ಸಕ್ಕರೆ ಕಾರ್ಖಾನೆಯ ಅಂಗಳ. ಹಂಗಾಮಿನಲ್ಲಿ ಅಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಗಲುರಾತ್ರಿ ಸಾಲುಗಟ್ಟಿರುತ್ತವೆ. ಮೇ ತಿಂಗಳಲ್ಲಿ ನಾಯಿಯೂ ಇರುವುದಿಲ್ಲ. ಅಲ್ಲಿಯವರೆಲ್ಲ ಅಪ್ಪಾಸಾಹೇಬರಿಗೆ ಪರಿಚಯ. ಅಪ್ಪಣೆ ಸಿಕ್ಕಿತು. ಮೂರನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ನಾನೂ ದಸ್ತಗೀರನೂ ಎರಡೂ ಗಾಡಿ ಒಯ್ದೆವು. ಬೂದು ಗಾಡಿಯನ್ನು ಒಯ್ದದ್ದು ದಸ್ತಗೀರನ ಹಟ. "ತಕ್ಕಡಿಗೆ ಎರಡ ತಟ್ಟೆ ಬೇಕಲ್ರಿ ಭಾಯ್" ಎಂದ. ಸುನಂದಾ ಆಗಲೇ ಹಳೆಯ ಟೈರುಗಳನ್ನಿಟ್ಟು ಆರು ತಿರುವು ಮಾಡಿದ್ದಳು. ಸುಮ್ಮನೆ ಇಟ್ಟದ್ದಲ್ಲ. ಕೊಲ್ಲಾಪುರಕ್ಕೆ ಒಮ್ಮೆ ಹೋಗಿ ಟ್ರ್ಯಾಕ್ ನೋಡಿ ಬಂದು, ನೆನಪಿನಿಂದ ಅದೇ ಅಳತೆಯಲ್ಲಿ ಇಟ್ಟದ್ದು. ಕಬ್ಬಿನ ಸಾಲು ಬಿಟ್ಟಂತೆ ನೀಟಾಗಿ.

ನಾನು ಕೆಂಪಿನ ಬಾನೆಟ್ ಎತ್ತಿದೆ. ಬೇಕಾಗಿರಲಿಲ್ಲ. ಆದರೆ ಮುಚ್ಚಳವಿಲ್ಲದೆ ಕೇಳಿದರೆ ಬುಸುಗುಟ್ಟುವ ಸದ್ದು ಇನ್ನೂ ಜೋರು. ಎಂಜಿನ್ ಚಾಲೂ ಮಾಡಿ, ಪೆಡಲಿಗೆ ಹೋಗುವ ತಂತಿಯನ್ನು ಕೈಯಿಂದಲೇ ಎಳೆದು ಒಂದೆರಡು ಸಲ ಕೆರಳಿಸಿದೆ. ಅಪ್ಪಾಸಾಹೇಬರಿಗೆ ಪರಮಾನಂದ. ಶರ್ಯತ್ತಿಗೆ ಬಿಡುವ ಮೊದಲು ತಮ್ಮ ಮೆಚ್ಚಿನ ಎತ್ತಿಗೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಸೊಂಟದ ಚೀಲದಿಂದ ಒಂದು ಹಿಡಿ ತುಂಬ ಭಂಡಾರ ತೆಗೆದು, "ಬೀರಪ್ಪಾ, ಸಂಭಾಳಸು!" ಎಂದು ಮನೆದೇವರನ್ನು ನೆನೆದು ತೂರಿದರು. ಗಾಡಿಯ ನೆತ್ತಿಯ ಮೇಲೆ ಬೀಳಬೇಕಾದದ್ದು ಬಾನೆಟ್ ತೆರೆದಿದ್ದರಿಂದ ಅದರ ಎದೆಯ ಮೇಲೆ ಬಿತ್ತು. ಹಳದಿ ಮೋಡ ಒಂದು ಕ್ಷಣ ಎದ್ದು ನಿಂತಿತು. ನಾನು ಇನ್ನೂ ತಂತಿ ಎಳೆದೇ ಇದ್ದೆ. ನೋಡನೋಡುತ್ತ ಅರ್ಧ ಮೋಡವನ್ನು ನನ್ನ ಬತ್ತಲೆ ಫಿಲ್ಟರ್ ಹೀರಿಕೊಂಡಿತು.

ದಸ್ತಗೀರ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಸುನಂದಾ ಹೆಲ್ಮೆಟ್ ಹಾಕಿಕೊಂಡು ಹೊರಟಳು. ಮೊದಲ ಸುತ್ತು ಭರ್ಜರಿ. ನೆಟ್ಟಗಿನ ಪಟ್ಟಿಯಲ್ಲಿ ಕೆಂಪು ಹಾರಿತು. ಮಾವ ಶಿಳ್ಳೆ ಹಾಕಿದರು, ಆ ವಯಸ್ಸಿನಲ್ಲಿ! ಎರಡನೆಯ ಸುತ್ತಿನಲ್ಲಿ, ಮೂರನೆಯ ತಿರುವಿನ ನಡುವೆ, ಟರ್ಬೊ ತಡವಾಗಿ ಎಚ್ಚರಗೊಂಡು ಒದೆಯಿತು. ಗಾಡಿಯ ಹಿಂಭಾಗ ಹೊರಗೆ ಜಾರಿತು. ಟೈರೊಂದು ಹಾರಿಬಿತ್ತು. ಅವಳು ಹಿಡಿದು ನಿಲ್ಲಿಸಿ ಮತ್ತೆ ಹೊರಟಳು. ಮೂರನೆಯ ಸುತ್ತಿಗೆ ಎಂಜಿನ್ ತೊದಲಲು ಶುರುಮಾಡಿತು. ಕೆಮ್ಮಿತು, ಕಪ್ಪು ಹೊಗೆ ಬಿಟ್ಟಿತು, ನಾಲ್ಕನೆಯ ತಿರುವಿನಲ್ಲಿ ನಿಂತೇಬಿಟ್ಟಿತು. ಬಿಸಿಲಿನಲ್ಲಿ, ಖಾಲಿ ಅಂಗಳದ ನಡುವೆ, ಹಬೆಯಾಡುತ್ತ.

ಅಪ್ಪಾಸಾಹೇಬರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು.

"ಬೀರಪ್ಪ ಒಲ್ಲೆ ಅಂದ," ಎಂದರು. "ಭಂಡಾರ ಹಾಕಿದ ಮ್ಯಾಲ ನಿಂತದ್ದು ಇವತ್ತಿನ ತನಕ ಇಲ್ಲ. ಮನಿ ಹೆಣ್ಮಗಳು ಹೋಗೂದು ದೇವರಿಗೆ ಬ್ಯಾಡ. ಮುಗೀತು. ನಡಿ ಸುನಂದಾ."

"ಆ ಬೂದಿದು ಇನ್ನ ಓಡಿಸೇ ಇಲ್ರಲ್ಲ ಸಾವಕಾರ್ರ" ಎಂದ ದಸ್ತಗೀರ.

"ಗಾಡಿ ಮಾತಲ್ಲೋ ದಸ್ತಗೀರ. ದೇವರ ಮಾತು. ಯಾವ ಗಾಡಿನೂ ಬ್ಯಾಡ."

ಸುನಂದಾ ನಡೆದು ಬಂದಳು. ಅಳಲಿಲ್ಲ, ವಾದಿಸಲಿಲ್ಲ. ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟಳು, ಬೆವರಿನಿಂದ ಒದ್ದೆಯಾಗಿತ್ತು. "ನಿಮ್ಮ ಗಾಡಿ ನಡು ಅಂಗಳದಾಗ ಐತ್ರಿ ಅಣ್ಣಾ. ಮನಿಗೆ ಹೋಗಿ ಟ್ರ್ಯಾಕ್ಟರ್ ತಗೊಂಡು ಬರತೀನಿ, ಎಳದು ನೆಳ್ಳಿಗೆ ಹಾಕೂಣು" ಎಂದಳು. ತನ್ನ ವರ್ಷದ ಆಸೆ ಕೈಬಿಟ್ಟುಹೋದ ಗಳಿಗೆಯಲ್ಲಿ ಅವಳಿಗೆ ಚಿಂತೆಯಾದದ್ದು ನನ್ನ ಗಾಡಿಗೆ ಬಿಸಿಲು ತಾಕೀತೆಂದು.

ಓದುಗರೇ, ನಾನು ಸುಳ್ಳು ಹೇಳಿದವನಲ್ಲ. ಆದರೆ ಕೇಳದ್ದನ್ನು ಹೇಳಿದವನೂ ಅಲ್ಲ. ನನ್ನ ಧಂದೆಯೆಲ್ಲ ಆ ಎರಡರ ನಡುವಿನ ಗಲ್ಲಿಯಲ್ಲೇ ನಡೆದಿದೆ. ಆವತ್ತು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ದೇವರು ಒಲ್ಲೆ ಅಂದ, ವ್ಯಾಪಾರ ಮುರಿಯಿತು, ನನ್ನ ಹೆಸರು ಭದ್ರ. ಬಾಯಿ ಬಿಟ್ಟರೆ? ಅಪ್ಪಾಸಾಹೇಬರಂಥವರಿಗೆ ಕೈಚಳಕ ಮಾಡಿದ ಸುದ್ದಿ ಸಂಜೆಯೊಳಗೆ ಕಾಗವಾಡ ದಾಟಿ ಅಥಣಿ ಮುಟ್ಟುತ್ತದೆ. ನಾಳೆಯಿಂದ ಯಾವ ಗಾಡಿಯ ಬಾನೆಟ್ ಎತ್ತಿದರೂ ಗಿರಾಕಿ ಮೊದಲು ನನ್ನ ಕೈ ನೋಡುತ್ತಾನೆ. ಇಪ್ಪತ್ತೈದು ವರ್ಷದ ದುಡಿಮೆ. ಕೀಲಿ ಅಂಗೈಯಲ್ಲಿ ಚುಚ್ಚುತ್ತಿತ್ತು.

"ಅಪ್ಪಾಸಾಹೇಬ್ರ, ಒಂದ ನಿಮಿಷ ನಿಂದರ್ರಿ," ಎಂದೆ. "ದಸ್ತಗೀರ, ಆ ಸೆನ್ಸರ್ ಬಿಚ್ಚು."

ದಸ್ತಗೀರ ಇದಕ್ಕೇ ಕಾಯುತ್ತಿದ್ದವನ ಹಾಗೆ ಓಡಿದ. ಫಿಲ್ಟರಿನ ಹಿಂದೆಯೇ ಒಳಗೆ ಹೋಗುವ ಗಾಳಿಯನ್ನು ಅಳೆಯುವ ಒಂದು ಪುಟ್ಟ ಭಾಗ ಇರುತ್ತದೆ. ಕೂದಲಿನಂಥ ತಂತಿ. ಅದು ಹೇಳಿದ ಲೆಕ್ಕದ ಮೇಲೆ ಎಂಜಿನ್ ಪೆಟ್ರೋಲ್ ಕುಡಿಯುತ್ತದೆ. ಬಿಚ್ಚಿ ತಂದು ಮುದುಕರ ಅಂಗೈಯಲ್ಲಿಟ್ಟ. ಮದುವೆಯ ಹುಡುಗಿಯ ಕೆನ್ನೆಯ ಹಾಗೆ ಹಳದಿ.

"ಇದು ದೇವರು ಒಲ್ಲೆ ಅಂದದ್ದಲ್ರಿ," ಎಂದೆ. "ಇಲ್ಲೊಂದು ಮುಚ್ಚಿದ ಡಬ್ಬಿ ಇತ್ತು. ಸದ್ದು ಜೋರ ಬರಲಿ, ಗಿರಾಕಿ ಮರುಳಾಗಲಿ ಅಂತ ನಾನ ಕಿತ್ತು ಒಗದೀನಿ. ಡಬ್ಬಿ ಇದ್ದಿದ್ರ ನಿಮ್ಮ ಭಂಡಾರ ಮ್ಯಾಲ ಕುಂದರತಿತ್ತು, ಒಳಗ ಹೋಗತಿರಲಿಲ್ಲ. ಗಾಡಿ ನಿಲ್ಲಿಸಿದಾಂವ ಬೀರಪ್ಪಲ್ಲ, ನಾ. ಮತ್ತ ಇನ್ನೊಂದು ಮಾತು. ಈ ಸೆನ್ಸರ್ ಒರಸಿದ್ರ ಗಾಡಿ ಓಡತೈತಿ, ಆದ್ರೂ ಟ್ರ್ಯಾಕಿಗೆ ಇದು ಆಕಿಗಲ್ಲ. ಆಕಿ ಮೊದಲ ದಿನ ಹೇಳಿದ್ದ ಖರೆ. ವರ್ಷಗಟ್ಟಲೆ ಯಾರೂ ಒಯ್ಯಲಿಲ್ಲಂತ ನಿಮ್ಮ ಕೊಳ್ಳಿಗೆ ಕಟ್ಟಾಕ ಹೊಂಟಿದ್ದೆ."

ಕಾರ್ಖಾನೆಯ ಚಿಮಣಿಯ ಮೇಲೆ ಒಂದು ಹದ್ದು ಕೂತಿತ್ತು. ಅದೂ ಕೇಳಿಸಿಕೊಂಡಿತೆಂದು ನನಗನ್ನಿಸಿತು.

ಅಪ್ಪಾಸಾಹೇಬರು ಸೆನ್ಸರನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ತಮ್ಮದೇ ಭಂಡಾರ, ಗುರುತು ಸಿಗದೆ ಇದ್ದೀತೇ? ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರು ದಸ್ತಗೀರನ ಕಡೆ ತಿರುಗಿದರು.

"ಹೌದೇನೋ?"

"ಹೌದ್ರಿ ಸಾವಕಾರ್ರ. ನಾ ಕೂಡಸೂ ದಿನಾನ ಹೇಳಿದ್ದೆ."

"ಕಳ್ಳ ಅದಿಯಲೇ ನೀ," ಎಂದರು ನನಗೆ. ಸೆನ್ಸರನ್ನು ದಸ್ತಗೀರನ ಕೈಗೆ ಕೊಡುತ್ತ, "ಆದ್ರ ತಾನ ಬಾಯಿ ಬಿಟ್ಟ ಕಳ್ಳನ್ನ ಇವತ್ತ ನೋಡಿದೆ" ಎಂದರು. ಆಮೇಲೆ ಸೊಸೆಯ ಕಡೆ ನೋಡದೆಯೇ, ಗಾಳಿಗೆ ಹೇಳಿದ ಹಾಗೆ, "ಆ ಬೂದಿದು ಒಂದಿಷ್ಟು ತಿರುವಿ ನೋಡಲಿ" ಎಂದರು.

ಅವಳು ಬೂದು ಗಾಡಿಯಲ್ಲಿ ಕುಳಿತಳು. ಮಾವ ಮತ್ತೆ ಸೊಂಟದ ಚೀಲಕ್ಕೆ ಕೈ ಹಾಕಿದಾಗ ನಾನೂ ದಸ್ತಗೀರನೂ ಒಟ್ಟಿಗೇ ಕೂಗಿದೆವು: "ಬಾನೆಟ್ ಮುಚ್ಚೈತ್ರಿ, ಈಗ ಹಾಕ್ರಿ!"

ಇಪ್ಪತ್ತು ಸುತ್ತು ಹಾಕಿದಳು. ಅಪ್ಪಾಸಾಹೇಬರು ಕೈಗಡಿಯಾರ ಬಿಚ್ಚಿ ಹಿಡಿದುಕೊಂಡಿದ್ದರು. ಎಂಟು ಸುತ್ತಾದ ಮೇಲೆ ಅವರಿಗೆ ಗೊಂದಲ ಹತ್ತಿತು. "ಗಡಿಯಾರ ಕೆಟ್ಟಿತೇನು? ಪ್ರತಿ ಸಲ ಮುಳ್ಳು ಅಲ್ಲೇ ಬರತೈತಲ್ಲ!" ಗಡಿಯಾರ ಕೆಟ್ಟಿರಲಿಲ್ಲ. ಅವಳು ಪ್ರತಿ ತಿರುವಿನಲ್ಲಿ ಅದೇ ಜಾಗದಲ್ಲಿ ಬ್ರೇಕ್ ಹಿಡಿದು, ಅದೇ ಜಾಗದಲ್ಲಿ ಪೆಡಲು ಒತ್ತಿ, ಟೈರಿಗೆ ಅದೇ ಗೇಣು ಜಾಗ ಬಿಟ್ಟು ಹೊರಬರುತ್ತಿದ್ದಳು. ಕೆಂಪಿನಂತೆ ಹಾರಲಿಲ್ಲ. ಆದರೆ ಇಪ್ಪತ್ತನೆಯ ಸುತ್ತೂ ಎರಡನೆಯ ಸುತ್ತಿನ ಹಾಗೆಯೇ ಇತ್ತು. ಮೇ ತಿಂಗಳ ಬಿಸಿಲಿನಲ್ಲಿ.

"ಜಿಗಿಯಂಗಿಲ್ಲ," ಎಂದರು ಮುದುಕರು. "ಆದ್ರ ದಣಿಯಂಗಿಲ್ಲ."

ಟವೆಲ್ ಮತ್ತೆ ನಮ್ಮ ಕೈಗಳ ಮೇಲೆ ಬಿತ್ತು. ಈ ಸಲ ಅವರು ಹಿಡಿದ ಬೆರಳು ಎಷ್ಟೆಂದು ಹೇಳುವುದಿಲ್ಲ. ನನ್ನ ಕೈಚಳಕದ ದಂಡವೂ ಅದರಲ್ಲಿ ಸೇರಿತ್ತು, ಚಿವುಟಿದ ಗುರುತು ಎರಡು ದಿನ ಇತ್ತು.

ಕೊಲ್ಲಾಪುರದ ಆ ಒಂದು ದಿನಕ್ಕೆ ನಾನೂ ಹೋಗಿದ್ದೆ, ಕರೆಯದಿದ್ದರೂ. ಅಲ್ಲಿ ಟರ್ಬೊಗಳದೇ ದರಬಾರು. ಬೆಳಿಗ್ಗೆ ಬೂದು ಗಾಡಿಯನ್ನು ಒಂದೊಂದಾಗಿ ಹಿಂದೆ ಹಾಕಿದವು. ಮಧ್ಯಾಹ್ನದ ಹೊತ್ತಿಗೆ ಒಂದರ ರಬ್ಬರ್ ಕೊಳವೆ ಒಡೆಯಿತು, ಇನ್ನೊಂದು ಕುದಿಯಿತು. ಮತ್ತೊಬ್ಬ ಮಹಾಶಯ ಸುತ್ತು ಮುಗಿಸಿದ ಕೂಡಲೇ ಎಂಜಿನ್ ಬಂದ್ ಮಾಡಿ ಸೆಲ್ಫಿಗೆ ನಿಂತ. ಒಳಗೆ ಕೆಂಪಗೆ ಕಾದ ಟರ್ಬೊದಲ್ಲಿ ಎಣ್ಣೆ ಹರಿಯುವುದು ನಿಂತು, ನಿಂತಲ್ಲೇ ಸುಟ್ಟು ಗಟ್ಟಿಯಾಗುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಸುನಂದಾ ಹೇಳಿದಳು! ಕಬ್ಬಿನ ಟ್ರ್ಯಾಕ್ಟರಿನಲ್ಲೂ ಈಗ ಟರ್ಬೊ ಇರುತ್ತದಲ್ಲ. "ಏರು ಹತ್ತಿ ಬಂದ ಕೂಡ್ಲೆ ಬಂದ್ ಮಾಡಬ್ಯಾಡ್ರಿ ದಾದಾ, ಎರಡ ಮಿನಿಟ್ ಉಸರಾಡಸ್ರಿ" ಎಂದಳು. ಅವನು ಇವಳ ಸೀರೆಯ ಅಂಚನ್ನೂ ಹೆಲ್ಮೆಟ್ಟನ್ನೂ ನೋಡಿ ಕಕ್ಕಾಬಿಕ್ಕಿಯಾದ.

ಅವಳು ಗೆಲ್ಲಲಿಲ್ಲ. ನಡುವೆ ಎಲ್ಲೋ ಬಂದಳು. ಆದರೆ ನಾಲ್ಕು ಗಂಟೆಗೆ, ಅರ್ಧ ಗಾಡಿಗಳು ನೆರಳಿನಲ್ಲಿ ಬಾನೆಟ್ ತೆರೆದು ಮಲಗಿದ್ದಾಗ, ಬೂದು ಇನ್ನೂ ಸುತ್ತುತ್ತಿತ್ತು. ಅಪ್ಪಾಸಾಹೇಬರು ತಂತಿಬೇಲಿಯ ಹತ್ತಿರ ನಿಂತು ಪಕ್ಕದವನೊಬ್ಬನಿಗೆ, "ಅದು ನಮ್ಮದು" ಎಂದು ಹೇಳಿದ್ದನ್ನು ಕೇಳಿದೆ. ಯಾರದೆಂದು ಅವನು ಕೇಳಿರಲೂ ಇಲ್ಲ. ಗಾಡಿ ತನ್ನ ಕಾಲ ಮೇಲೇ ಟೆಂಪೊ ಹತ್ತಿತು. ಮುದುಕರು ಹಿಂಬದಿಯ ಹಗ್ಗ ಬಿಗಿಯುತ್ತ, ಯಾರ ಮುಖವನ್ನೂ ನೋಡದೆ, "ಮುಂದಿನ ಸಲ ಯಾವಾಗ ಐತಂತ?" ಎಂದು ಕೇಳಿದರು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಡಾಕ್ಟರ ಚಹಾ ತಣ್ಣಗಾಗಿತ್ತು. ನಾನು ಉಪದೇಶಕ್ಕೆ ಇಳಿದೆ. ಇಳಿಯದೆ ಇರಲಾರೆ. ಹಳೆಯ ಟರ್ಬೊ ಕೊಳ್ಳುವಿರಾದರೆ ಬೆಲೆಯಷ್ಟೇ ಇನ್ನೊಂದು ಗಂಟು ಪಕ್ಕಕ್ಕಿಟ್ಟು ಕೊಳ್ಳಿ: ಕೊಳವೆ, ತಂಪುಮಾಡುವ ಜಾಲರಿ, ಎಣ್ಣೆ. ಹಿಂದಿನ ಮಾಲಕ ಏನೇನು ಕಿತ್ತಿದ್ದಾನೆ, ಏನೇನು ಸಿಕ್ಕಿಸಿದ್ದಾನೆ ಎಂದು ಬಾಯಿ ಬಿಟ್ಟು ಕೇಳಿ. ಸದ್ದು ಕೇಳಿ ಮರುಳಾಗಬೇಡಿ. ದಿನಕ್ಕೆ ನಾಲ್ಕು ಸುತ್ತು ಹಾಕಿ ಗೆಳೆಯರೆದುರು ಮೀಸೆ ತಿರುವುವುದಿದ್ದರೆ ಟರ್ಬೊ. ದಿನವಿಡೀ ಓಡಿಸಿ ಓಡಿಸುವುದನ್ನೇ ಕಲಿಯುವುದಿದ್ದರೆ ಟರ್ಬೊ ಇಲ್ಲದ್ದು. ಯಾವುದೇ ಇರಲಿ, ಮೊದಲು ಬ್ರೇಕಿಗೆ ಖರ್ಚು ಮಾಡಿ. ಈ ಕೆಂಪಿಗೆ ಕಂಪನಿಯ ಡಬ್ಬಿ ಮತ್ತೆ ಕೂಡಿಸಿದ್ದೇನೆ, ನೋಡಿ. ಆ ವರ್ಷವೇ ಮೀರಜಿನವರೊಬ್ಬರು ಒಯ್ದಿದ್ದರು, ಈಗ ಬೇರೊಂದು ಗಾಡಿಗೆ ಬದಲಿಯಾಗಿ ತಿರುಗಿ ನನ್ನಲ್ಲಿಗೇ ಬಂದಿದೆ. ಅವರ ಕೈಯಲ್ಲಿ ಇದರ ಎಣ್ಣೆ ಎರಡು ಸಲ ಮಾತ್ರ ಬದಲಾಗಿದೆ, ಅದನ್ನೂ ಹೇಳಿಬಿಡುತ್ತೇನೆ.

ಡಾಕ್ಟರು ಕೆಂಪನ್ನು ನೋಡಲೇ ಇಲ್ಲ. "ನಂಗ ಆ ಬೂದು ಗಾಡಿನ ಬೇಕ್ರಿ. ಏನಾರ ಮಾಡಿ ಕೊಡಸ್ರಿ" ಎಂದರು.

ನನ್ನೊಳಗಿನ ದಲಾಲಿ ಕಿವಿ ನಿಮಿರಿಸಿದ. ಅಪ್ಪಾಸಾಹೇಬರಿಗೆ ಫೋನು ಹಚ್ಚಿದೆ. ಕುಶಲ ವಿಚಾರಿಸಿ, ಸುತ್ತಿ ಬಳಸಿ ವಿಷಯಕ್ಕೆ ಬಂದೆ. ಆ ಕಡೆಯಿಂದ ಎಲೆ ಅಡಿಕೆ ಜಗಿಯುವ ಸದ್ದು.

"ನನ್ನ ಯಾಕ ಕೇಳತಿ?" ಎಂದರು. "ಗಾಡಿ ಆಕಿದು. ಆಕಿನ್ನ ಕೇಳು."

"ಆತ್ರಿ," ಎಂದೆ. ಅವಳ ನಂಬರಿಗಾಗಿ ಫೋನಿನಲ್ಲಿ ತಡಕಾಡಿದೆ. ಇರಲಿಲ್ಲ. ಇಷ್ಟು ವರ್ಷ ಬಂದ ಗಿರಾಕಿಗಳಿಗೆಲ್ಲ ಅವಳ ಕಥೆ ಹೇಳಿ ಗಾಡಿ ಮಾರಿದ್ದೇನೆ. ಒಮ್ಮೆಯೂ ಅವಳೊಂದಿಗೆ ನೇರ ಮಾತಾಡುವ ಪ್ರಸಂಗ ನನಗೆ ಬಂದಿಲ್ಲ, ನಾನು ತಂದುಕೊಂಡೂ ಇಲ್ಲ. ಮುದುಕರು ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದರು, ನಾನು ಬರೆದುಕೊಂಡೆ.

ರಿಂಗಾಯಿತು. ಟ್ರ್ಯಾಕ್ಟರಿನ ಸದ್ದು, ಅದರ ಮೇಲಿಂದ ಅವಳ ದನಿ: "ಯಾರ್ರಿ?"

ಐದು ತಾಲ್ಲೂಕಿನಲ್ಲಿ ಯಾರ್ರಿ ಎಂದು ಕೇಳಿಸಿಕೊಳ್ಳದವ ನಾನು. ಹೆಸರು ಹೇಳಿದೆ, ಊರು ಹೇಳಿದೆ. "ಓ, ಅಣ್ಣಾರ! ತಡೀರಿ" ಎಂದು ಟ್ರ್ಯಾಕ್ಟರ್ ನಿಧಾನ ಮಾಡಿದಳು. ಬಂದ್ ಮಾಡಲಿಲ್ಲ. ಗಾಡಿ ಕೊಡುವಿರಾ ಎಂದು ಕೇಳಿದೆ.

"ಇಲ್ರಿ ಅಣ್ಣಾ. ಅದು ಇರಲಿ," ಎಂದಳು. "ಐತವಾರ ಮತ್ತ ಟ್ರ್ಯಾಕಿಗೆ ಹೋಗಾಕತ್ತೀನ್ರಿ. ನೀವೂ ಬರ್ರಿ."

ಡಾಕ್ಟರು ಅಂಗೈ ಅಗಲಿಸಿ, ತಮ್ಮ ದುಡ್ಡಿನ ಬ್ಯಾಗಿನ ಕಡೆ ಕಣ್ಣಿನಲ್ಲೇ ತೋರಿಸಿ, ಇನ್ನೂ ಹೆಚ್ಚಿಗೆ ಹೇಳಿ ನೋಡಿ ಎಂದು ಸನ್ನೆ ಮಾಡುತ್ತಿದ್ದರು. ಇಲ್ಲ ಎಂದವರನ್ನು ಹೌದೆನ್ನಿಸಿಯೇ ನಾನು ಮನೆ ಕಟ್ಟಿದ್ದು, ಮಕ್ಕಳನ್ನು ಓದಿಸಿದ್ದು.

"ಬರತೀನ್ರಿ ಅಕ್ಕಾ," ಎಂದೆ. ಎರಡನೆಯ ಸಲ ಕೇಳಲಿಲ್ಲ.